ಕಾಂಟೆಸ್ಸಾಗೆ ಹೆಸರಿಟ್ಟವನು ನಾನು

ಕಾಂಟೆಸ್ಸಾ ಕಾರಿಗೆ ಆ ಹೆಸರು ಇಟ್ಟವನು ನಾನು. ಅನುಮಾನ ಇದ್ದರೆ ಯಾರನ್ನಾದರೂ ಕೇಳಿ. ಕೇಳೋಕೆ ಯಾರೂ ಉಳಿದಿಲ್ಲ, ಅಷ್ಟೇ ತೊಂದರೆ. ಹೆಸರು ಹುಡುಕಿಕೊಂಡು ನನ್ನ ಹತ್ತಿರ ಬಂದಿದ್ದ ಕಂಪನಿ ಸಾಹೇಬರು ತೀರಿಕೊಂಡರು. ಪಕ್ಕದಲ್ಲಿ ಕೂತು ಬಾಡಿ ಬಡಿಯುತ್ತಿದ್ದ ಟಿಂಕರ್ ಮೇಸ್ತ್ರಿ ತೀರಿಕೊಂಡರು. ಯಾರನ್ನು ನೋಡಿ ಆ ಹೆಸರು ಹೇಳಿದೆನೋ ಆ ರಿಚರ್ಡ್ಸ್ ಟೌನಿನ ಪಿಯಾನೋ ಮಿಸ್ಸೂ ತೀರಿಕೊಂಡರು. ಇದೆಲ್ಲ ನಡೆದ ಶೆಡ್ಡು ಬಿದ್ದು ಆ ಜಾಗದಲ್ಲಿ ಜಿಮ್ ಎದ್ದಿದೆ. ಅಲ್ಲಿ ಹೋಗಿ ಕೇಳಿದರೆ, ಮೊದಲು ಇದನ್ನ ಎತ್ತಿ ಅಂತ ಕೈಗೆ ಕಬ್ಬಿಣ ಕೊಡ್ತಾರೆ.

ನನಗೆ ಸ್ಕೂಲಿನ ಋಣ ಇರಲಿಲ್ಲ. ಕಲಿತ ನಾಲ್ಕಕ್ಷರವೆಲ್ಲ ಕಾರಿನ ಬೆನ್ನು ನೋಡಿ ಕಲಿತದ್ದು. ಹುಟ್ಟಿ ಬೆಳೆದದ್ದು ಮರ್ಫಿ ಟೌನು, ಕೆಲಸ ಮೊನೊಗ್ರಾಮ್ ಕೂರಿಸೋದು. ಕಾರಿನ ಹಿಂದೆ ಬೆಳ್ಳಿ ಥರ ಹೊಳೆಯೋ ಹೆಸರಿನ ತಗಡು ಇರುತ್ತಲ್ಲ, ನಮ್ಮ ಲೈನಲ್ಲಿ ಅದಕ್ಕೆ ಮೊನೊಗ್ರಾಮ್ ಅಂತಾರೆ. ಪೇಂಟ್ ಹೊಡೆಯೋಕೆ ಮೊದಲು ಬಿಚ್ಚಬೇಕು, ಪೇಂಟ್ ಒಣಗಿದ ಮೇಲೆ ಅದೇ ಜಾಗದಲ್ಲಿ ಕೂರಿಸಬೇಕು. ಕೂದಲೆಳೆ ಆಚೀಚೆ ಆಗದಂತೆ ಅದನ್ನ ಕೂರಿಸೋನು ಈ ಬೆಂಗಳೂರಲ್ಲಿ ನನಗಿಂತ ಮೊದಲು ಇರಲಿಲ್ಲ, ಇನ್ನು ಹುಟ್ಟೋದೂ ಅನುಮಾನ.

ಈಗ ಗ್ಯಾರೇಜು ನೋಡಿಕೊಳ್ಳೋನು ನನ್ನ ಅಕ್ಕನ ಮಗ. ಬಾಗಿಲ ಪಕ್ಕದಲ್ಲಿ ಹಳೇ ಅಂಬಾಸಿಡರಿನ ಹಿಂದಿನ ಸೀಟಿಗೆ ಕಬ್ಬಿಣದ ಕಾಲು ಬೆಸೆದು ಇಟ್ಟಿದ್ದೀವಿ. ಬೆಳಗ್ಗೆ ಕಾಫಿ ಕುಡಿದು ಅದರ ಮೇಲೆ ಕೂತರೆ ನಾನು ಏಳೋದು ದೀಪ ಹಚ್ಚೋ ಹೊತ್ತಿಗೆ. ಮನೆಯಲ್ಲಿ ಹೆಂಡತಿ ಟೀವಿ ನೋಡ್ತಾಳೆ, ನಾನು ಇಲ್ಲಿ ಪ್ರಪಂಚ ನೋಡ್ತೀನಿ. ಆ ಸೀಟು ಹೋದರೆ ನಾನೂ ಟೀವಿ ಮುಂದೆ ಕೂರಬೇಕು. ಅಂದರೆ ಕಥೆ ಮುಗಿದ ಹಾಗೆ.

ನಮ್ಮ ಬೀದಿಗೆ ಒಂದು ಪದ್ಧತಿ ಇದೆ. ಹೊಸ ಕಾರು ತಂದವರು ಪೂಜೆಗೆ ಮೊದಲು ಗಾಡಿನ ನನ್ನ ಸೀಟಿನ ಮುಂದೆ ನಿಲ್ಲಿಸ್ತಾರೆ. ನಾನು ಹೆಗಲ ಮೇಲಿನ ಟವೆಲ್ಲಿಂದ ಮೊನೊಗ್ರಾಮ್ ಒರೆಸಿ, ಆ ಹೆಸರು ಎಲ್ಲಿಂದ ಬಂತು, ಅದರ ಅರ್ಥ ಏನು ಅಂತ ಹೇಳ್ತೀನಿ. ಆಮೇಲೇ ಚಕ್ರದ ಕೆಳಗೆ ನಿಂಬೆಹಣ್ಣು. ಅರ್ಥ ಗೊತ್ತಿದ್ದರೆ ಗೊತ್ತಿದ್ದಷ್ಟು ಹೇಳ್ತೀನಿ. ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಹೇಳ್ತೀನಿ.

ಹೀಗಾಗಿ ನಮ್ಮ ಬಾಗಿಲಲ್ಲಿ ಏನಾದರೊಂದು ನಡೀತಾನೇ ಇರುತ್ತೆ. ಅಕ್ಕನ ಮಗನಿಗೆ ಮಾತ್ರ ಇದು ಆಗಿಬರಲ್ಲ. ಸೀಟಿನ ಜಾಗದಲ್ಲಿ ಎಲೆಕ್ಟ್ರಿಕ್ ಗಾಡಿ ಚಾರ್ಜ್ ಮಾಡೋ ಡಬ್ಬಿ ನಿಲ್ಲಿಸಬೇಕು ಅಂತ ಅವನಾಸೆ. ಒಂದು ದಿನ ಎಲ್ಲರ ಮುಂದೆ ಹೇಳೇಬಿಟ್ಟ.

"ಮಾಮ, ಸುಳ್ಳು ಹೇಳೋದು ನೀನು, ಬೈಸಿಕೊಳ್ಳೋದು ನಾನು. ಇನ್ನೊಂದು ಸಲ ಯಾರಾದ್ರೂ ಈ ಬಾಗಿಲಲ್ಲಿ ನಿನ್ನ ಸುಳ್ಳು ಹಿಡಿದ್ರೆ ಸೀಟು ಗುಜರಿಗೆ. ಆಯ್ತಾ?"

"ಆಯ್ತಪ್ಪ," ಅಂದೆ. ಹಿಡಿಯೋಕೆ ಸುಳ್ಳು ಇರಬೇಕಲ್ಲ?

ಅವನು ಯಾಕೆ ಅಷ್ಟು ಬಿಸಿಯಾದ ಅಂತ ಗೊತ್ತಾಗಬೇಕಾದರೆ ಹಿಂದಿನ ಒಂದೆರಡು ಸಂಗತಿ ಹೇಳಬೇಕು.

ಎತ್ತರದ ಆಸಾಮಿ

ಧಾರವಾಡ ಕಡೆಯವರೊಬ್ಬರು, ಇಂದಿರಾನಗರದಲ್ಲಿ ಆಫೀಸು. ಮನುಷ್ಯ ಎಷ್ಟು ಎತ್ತರ ಅಂದರೆ ನಮ್ಮ ಗ್ಯಾರೇಜಿಗೆ ಬಂದಾಗ ಶಟರಿಗೂ ಒಂದು ನಮಸ್ಕಾರ ಹಾಕಿಯೇ ಒಳಗೆ ಬರಬೇಕು. ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತ ಎರಡು ಮೂರು ನೋಡಿಟ್ಟಿದ್ದರು. ಅದರಲ್ಲಿ ಒಂದು ಆಲ್ಟೋ.

"ಆಲ್ಟೋ ಅಂದ್ರ ಏನ್ರೀ ಅಜ್ಜಾರ?" ಅಂತ ಕೇಳಿದರು.

ಇದು ನನಗೆ ನಿಜವಾಗಿ ಗೊತ್ತಿತ್ತು. ಚರ್ಚಿನಲ್ಲಿ ಹಾಡೋ ಒಬ್ಬರು ಹೇಳಿಕೊಟ್ಟಿದ್ದರು. "ಆಲ್ಟೋ ಅಂದ್ರೆ ಎತ್ತರ ಸಾರ್," ಅಂದೆ.

ಅವರ ಮುಖ ಅರಳಿತು. ಇಷ್ಟು ದಿನಕ್ಕೆ ನನ್ನ ಅಳತೆ ತಿಳಿದು ಮಾಡಿದ ಗಾಡಿ ಸಿಕ್ಕಿತು ಅಂತ, ಒಳಗೆ ಕೂತೂ ನೋಡದೆ ಹೋಗಿ ತಗೊಂಡರು. ಒಂದು ವಾರ ಬಿಟ್ಟು ಬಂದರು. ಕಾರಿಂದ ಇಳಿಯೋದೇ ಒಂದು ನೋಟ. ಮೊದಲು ಒಂದು ಕಾಲು ಬಂತು, ಸ್ವಲ್ಪ ಹೊತ್ತು ಬಿಟ್ಟು ಒಂದು ಕೈ, ಕೊನೆಗೆ ಉಳಿದ ಮನುಷ್ಯ.

"ಏನ್ರೀ ಅಜ್ಜಾರ, ಎತ್ತರ ಅಂತ ಹೇಳಿದ್ರಿ. ಒಳಗ ಕುಂತ್ರ ಮೊಳಕಾಲು ಗದ್ದಕ್ಕ ಬಡಿತಾವು, ತಲಿ ಮ್ಯಾಲ ಬಡಿತೈತಿ!"

"ಸಾರ್, ಕಾರು ಎತ್ತರ ಅಂತ ನಾನೆಲ್ಲಿ ಹೇಳಿದೆ? ಅದು ಓಡಿಸೋರ ಹೆಸರು," ಅಂದೆ.

ಅವರು ನಕ್ಕರು. ನಕ್ಕಾಗ ತಲೆ ಶಟರಿಗೆ ತಗುಲಿತು. ಅಕ್ಕನ ಮಗ ಒಳಗಿಂದ ಓಡಿಬಂದು ಮೊದಲು ಶಟರ್ ನೋಡಿದ, ಆಮೇಲೆ ಅವರನ್ನ.

ಚೇಳಮ್ಮನ ವಾಹನ

ಕೆ.ಆರ್. ಪುರದ ಕಡೆಯ ಒಬ್ಬ ಹುಡುಗ, ಒಳ್ಳೆ ಸಂಬಳ, ಹೊಸಾ ಸ್ಕಾರ್ಪಿಯೋ ತಂದ. ಅವನ ತಾಯಿ ಕೋಲಾರದವರು. ಪಕ್ಕದ ಮನೆಯವರು ಯಾರೋ ಸ್ಕಾರ್ಪಿಯೋ ಅಂದರೆ ಚೇಳು ಅಂತ ಹೇಳಿ ಕೈತೊಳಕೊಂಡರು. ಆಯಮ್ಮ ಕಾರಿಗೆ ಕಾಲಿಡಲ್ಲ ಅಂತ ಹಠ ಹಿಡಿದರು. ಹುಡುಗ ಅವರನ್ನ ಆಟೋದಲ್ಲಿ ಕೂರಿಸಿ, ಮುಂದೆ ಆಟೋ ಹಿಂದೆ ತಾನು ಖಾಲಿ ಕಾರು ಓಡಿಸಿಕೊಂಡು ನನ್ನ ಹತ್ತಿರ ಕರಕೊಂಡು ಬಂದ.

ಆಯಮ್ಮ ಆಟೋ ಇಳಿಯುತ್ತಲೇ ಶುರು ಮಾಡಿದರು. "ನೋಡಪ್ಪ, ಲೋಕದಾಗೆ ಮಕ್ಕಳು ದುಡಿದು ಚಿನ್ನ ತರ್ತಾರೆ. ನನ್ ಮಗ ದುಡಿದು ಚೇಳು ತಂದವ್ನೆ!"

ಹುಡುಗ ನನ್ನ ಕಿವಿಯಲ್ಲಿ, "ತಾತ, ಹೆಂಗಾದ್ರೂ ಮಾಡಿ ಒಂದು ಒಳ್ಳೆ ಅರ್ಥ ಹೇಳಿ," ಅಂದ.

ನಾನು ಟವೆಲ್ ತೆಗೆದು ಮೊನೊಗ್ರಾಮ್ ಒರೆಸಿದೆ, ಕಣ್ಣಿಗೆ ಒತ್ತಿಕೊಂಡೆ. "ಯಾಕಮ್ಮ, ಕೋಲಾರದವರಾಗಿ ಹಿಂಗಂತೀರ? ಕೋಲಾರಮ್ಮನ ಗುಡಿಯಲ್ಲಿ ಪಕ್ಕದಲ್ಲೇ ಕೂತಿರೋರು ಯಾರು?"

"ಚೇಳಮ್ಮ," ಅಂದರು.

"ಮತ್ತೆ? ಈ ಕಾರು ಮಾಡೋ ಮೊದಲು ಕಂಪನಿಯವರು ಅಲ್ಲಿಗೆ ಬಂದು ಹೂವು ಕೇಳಿದ್ರು. ಅಮ್ಮ ಬಲಗಡೆ ಹೂವು ಕೊಟ್ಟಳು. ಆಮೇಲೇ ಈ ಹೆಸರು. ಇದು ಕಾರಲ್ಲಮ್ಮ, ವಾಹನ."

ಆಯಮ್ಮನ ಕಣ್ಣಲ್ಲಿ ನೀರು ಬಂತು. ಅಲ್ಲೇ ನಿಂತು ಕೆನ್ನೆ ಕೆನ್ನೆ ಬಡಕೊಂಡರು. ಹೋಗುವಾಗ ಕಾರಿನಲ್ಲೇ ಹೋದರು, ಆಟೋದವನು ಮೀಟರಿಗಾಗಿ ಹಿಂದೆ ಓಡಿದ. ನನ್ನ ಕೆಲಸ ಆಯಿತು ಅಂದುಕೊಂಡೆ.

ಒಂದು ತಿಂಗಳು ಕಳೀತು. ಹುಡುಗ ಮತ್ತೆ ಬಂದ. ಕಾಲಲ್ಲಿ ಚಪ್ಪಲಿ ಇಲ್ಲ. ಕಾರಿನ ಮೂತಿಗೆ ಅರಿಶಿನ, ಕನ್ನಡಿಗಳಿಗೆ ಬೇವಿನಸೊಪ್ಪು, ಬಾನೆಟ್ಟಿನ ಮೇಲೆ ಬಳೆ ಕುಪ್ಪಸ.

"ತಾತ, ಕಾರೊಳಗೆ ಚಪ್ಪಲಿ ಹಾಕಂಗಿಲ್ಲ. ಮೊಟ್ಟೆ ಪಫ್ ತಿನ್ನಂಗಿಲ್ಲ. ಫ್ರೆಂಡ್ಸು ಬಿರಿಯಾನಿಗೆ ಹೋಗೋಣ ಅಂದ್ರೆ ನಾನು ಬಸ್ಸಲ್ಲಿ ಬರ್ತೀನಿ ಅಂತೀನಿ. ಬೆಳಗ್ಗೆ ಆಫೀಸಿಗೆ ಹೊರಟ್ರೆ ಬೀದಿ ಹೆಂಗಸರು ಗಾಡಿ ಸುತ್ತ ಪ್ರದಕ್ಷಿಣೆ ಹಾಕ್ತಿರ್ತಾರೆ. ಮುಗಿಯೋವರೆಗೂ ಹಾರ್ನ್ ಹೊಡೆಯಂಗಿಲ್ಲ. ನಿನ್ನೆ ಯಾರಿಗೋ ಚೇಳು ಕಡೀತು ಅಂತ ಆಸ್ಪತ್ರೆಗೆ ಕರಕೊಂಡು ಹೋಗೋದು ಬಿಟ್ಟು ನಮ್ಮ ಪಾರ್ಕಿಂಗಿಗೆ ಕರಕೊಂಡು ಬಂದವ್ರೆ!"

"ಆಮೇಲೆ?"

"ನಾನೇ ಆಸ್ಪತ್ರೆಗೆ ಕರಕೊಂಡು ಹೋದೆ. ಇದೇ ಕಾರಲ್ಲಿ. ವಾಸಿ ಆಯ್ತು. ಈಗ ಕ್ಯೂ ಇನ್ನೂ ಉದ್ದ ಆಗಿದೆ. ತಾತ, ಕೈಮುಗೀತೀನಿ. ನಮ್ಮಮ್ಮನಿಗೆ ಇದು ಬರೀ ಚೇಳು ಅಂತ ಹೇಳಿಬಿಡಿ!"

ಒಂದು ಸಲ ದೇವರಾದ ಮೇಲೆ ಇಳಿಸೋಕಾಗುತ್ತಾ? ಅಕ್ಕನ ಮಗ ಆ ಹುಡುಗನಿಗೆ ಸಮಾಧಾನ ಅಂತ ವಾಟರ್ ವಾಶ್ ಪುಕ್ಕಟೆ ಮಾಡಿಕೊಟ್ಟ. ಅರಿಶಿನ ತೊಳೆದುಹೋಗಿದ್ದಕ್ಕೆ ಸಾಯಂಕಾಲ ಆಯಮ್ಮನೇ ಬಂದು ಅವನಿಗೆ ಬೈದು ಹೋದರು.

ಹಾರ್ನಿಲ್ಲದ ಜೆನ್

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಬೌದ್ಧರ ಮನೆ. ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದು ರಿಟೈರ್ ಆದವರು, ಮಾತು ಸ್ವಲ್ಪ ಜಾಸ್ತಿ. ಹಳೇ ಜೆನ್ ಕಾರು ತಗೊಂಡರು. ಬೇರೆ ಕಾರು ಕಡಿಮೆಗೆ ಸಿಗ್ತಿದ್ದರೂ ಇದು ನಮ್ಮ ಬುದ್ಧನ ಕಡೆಯ ಹೆಸರು ಅಂತ ಅದನ್ನೇ ತಗೊಂಡರು. ಒಳ್ಳೆಯದೇ. ಆದರೆ ಪದ್ಧತಿ ಪ್ರಕಾರ ನನ್ನ ಮುಂದೆ ನಿಲ್ಲಿಸಿದರಲ್ಲ, ನಾನೂ ಏನಾದರೂ ಸೇರಿಸಬೇಕಲ್ಲ.

"ಜೆನ್ ಅಂದ್ರೆ ಬಾಯಿ ಮುಚ್ಚಿ ಸುಮ್ಮನೆ ಕೂರೋದು ಅಣ್ಣ. ಜಪಾನಲ್ಲಿ ಈ ಕಾರಿಗೆ ಹಾರ್ನೇ ಇಡಲ್ಲ," ಅಂದೆ.

ಅವರು ಆ ಮಾತನ್ನ ಮನಸ್ಸಿಗೆ ತಗೊಂಡರು. ಅವತ್ತೇ ನಮ್ಮ ಗ್ಯಾರೇಜಿನ ವಯರ್‌ಮ್ಯಾನ್ ಹತ್ತಿರ ಹಾರ್ನಿನ ವಯರು ಕಟ್ ಮಾಡಿಸಿಬಿಟ್ಟರು. ನಾನು ಆಗ ಊಟಕ್ಕೆ ಹೋಗಿದ್ದೆ, ಇದ್ದಿದ್ದರೆ ತಡೀತಿದ್ದೆ.

ಮರ್ಫಿ ಟೌನಿಂದ ಶಿವಾಜಿನಗರಕ್ಕೆ ಹಾರ್ನಿಲ್ಲದೆ ಹೋಗಿದ್ದೀರಾ? ರಸೆಲ್ ಮಾರುಕಟ್ಟೆ ಮುಂದೆ ಮನುಷ್ಯ, ಮೇಕೆ, ಕೈಗಾಡಿ, ಬಸ್ಸು ಎಲ್ಲ ಒಂದೇ ಜಾತಿ. ಯಜಮಾನರು ಕಿಟಕಿಯಿಂದ ತಲೆ ಆಚೆ ಹಾಕಿ ಬಾಯಲ್ಲೇ ಹಾರ್ನ್ ಹೊಡೆಯೋಕೆ ಶುರು ಮಾಡಿದರು. ಹಣ್ಣಿನವನಿಗೆ "ಸ್ವಲ್ಪ ಜಾಗ ಬಿಡಪ್ಪ" ಅಂತ ಕನ್ನಡದಲ್ಲಿ, ಹೂವಿನವಳಿಗೆ "ಕೊಂಜಂ ವಳಿ ವಿಡಮ್ಮಾ" ಅಂತ ತಮಿಳಲ್ಲಿ, ಕೈಗಾಡಿಯವನಿಗೆ "ಜರಾ ಹಟೋ ಭಾಯ್" ಅಂತ ಉರ್ದುವಿನಲ್ಲಿ. ಮೇಕೆಗೆ ಯಾವ ಭಾಷೆ ಅಂತ ಗೊತ್ತಾಗದೆ ಮೂರರಲ್ಲೂ ಹೇಳಿದರಂತೆ. ದಿನಾ ಇದೇ ಆಯಿತು. ಗಂಟಲು ಬಿದ್ದುಹೋಯಿತು. ಡಾಕ್ಟರು, ಒಂದು ವಾರ ಒಂದಕ್ಷರ ಮಾತಾಡಕೂಡದು ಅಂದರು.

ಅವರ ಹೆಂಡತಿ ನನ್ನ ಹುಡುಕಿಕೊಂಡು ಬಂದರು. ಬೈತಾರೆ ಅಂತ ಅಕ್ಕನ ಮಗ ಮೊದಲೇ ಮುಖ ಸಣ್ಣ ಮಾಡಿಕೊಂಡು ನಿಂತ.

"ಅಣ್ಣ," ಅಂದರು ಆಯಮ್ಮ, "ಮದುವೆ ಆದಾಗಿನಿಂದ ಮನೇಲಿ ಇಷ್ಟು ಶಾಂತಿ ಇರಲಿಲ್ಲ. ಇಂಥದ್ದೇ ಹೆಸರಿರೋ ಇನ್ನೊಂದು ಗಾಡಿ ಇದ್ರೆ ಹೇಳಿ, ನಮ್ಮತ್ತೆಗೆ ಕೊಡಿಸ್ತೀನಿ."

ಯಾರೂ ನಂಬದ ಒಂದು ನಿಜ

ಶಿವಾಜಿನಗರದ ಇಬ್ಬರು ಟ್ಯಾಕ್ಸಿ ಡ್ರೈವರ್‌ಗಳು ಸುಮೋ ಹೆಸರಿನ ಬಗ್ಗೆ ಜಗಳ ಆಡಿಕೊಂಡು ಬಂದರು. ಒಬ್ಬ ಜಪಾನಿನ ಪೈಲ್ವಾನರ ಹೆಸರು ಅಂತಾನೆ, ಇನ್ನೊಬ್ಬ ಅಲ್ಲ ಅಂತಾನೆ. ಸೋತವನು ಎಲ್ಲರಿಗೂ ಚಹಾ ಕುಡಿಸಬೇಕು. ಸೀಟಿನ ಮಾತು ಆಗಷ್ಟೇ ಆಗಿತ್ತು, ಅಕ್ಕನ ಮಗ ಒಳಗಿಂದ ನನ್ನನ್ನೇ ನೋಡ್ತಿದ್ದ. ಹಾಗಾಗಿ ನಾನು ಹುಷಾರಾಗಿ ನಿಜ ಹೇಳಿದೆ.

"ಪೈಲ್ವಾನ ಅಲ್ಲಪ್ಪ. ಆ ಕಂಪನಿಯಲ್ಲಿ ಒಬ್ಬರು ದೊಡ್ಡ ಸಾಹೇಬರಿದ್ದರು. ಅವರ ಹೆಸರಿನ ಮೊದಲ ತುಂಡು, ಮನೆತನದ ಹೆಸರಿನ ಮೊದಲ ತುಂಡು, ಎರಡೂ ಸೇರಿಸಿ ಇಟ್ಟಿದ್ದು."

ಇಬ್ಬರೂ ಹೊಟ್ಟೆ ಹಿಡಕೊಂಡು ನಕ್ಕರು. ಜಗಳ ಮರೆತು ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. "ಕ್ಯಾ ಚಾಚಾ! ರೀಲು ಬಿಡೋದಕ್ಕೂ ಒಂದು ಲೆವೆಲ್ ಬೇಡ್ವಾ?" ಅಂದ ಒಬ್ಬ.

ನನಗೆ ಅವಮಾನ ಆಯಿತು. "ಸರಿ, ಹಂಗಾದ್ರೆ ಕೇಳಿ," ಅಂದೆ. "ಜಪಾನಿನ ಪೈಲ್ವಾನ ಒಬ್ಬ ರಸೆಲ್ ಮಾರುಕಟ್ಟೆಗೆ ಬಂದಿದ್ದ. ಒಂದು ಗಾಡಿ ಬಾಳೆಹಣ್ಣು ತಿಂದು ಜೀಪಲ್ಲಿ ಕೂತ. ಜೀಪು ಎರಡು ಕಡೆಗೂ ಉಬ್ಬಿಕೊಂಡಿತು. ಅದೇ ಅಳತೆಗೆ ಮಾಡಿದ ಗಾಡಿ ಇದು."

"ಹಾಂ! ಇದು ಮಾತು!" ಅಂದರು. ನನಗೆ ಚಹಾ ಜೊತೆ ಬನ್ನೂ ಬಂತು.

ಅಷ್ಟರಲ್ಲಿ ಅಕ್ಕನ ಮಗ ಫೋನಲ್ಲಿ ನೋಡಿ ಆಚೆ ಬಂದ. ಅವನ ಮುಖವೇ ಬಾಡಿತ್ತು. "ಏಯ್, ಮಾಮ ಮೊದಲು ಹೇಳಿದ್ದೇ ಕರೆಕ್ಟು ಕಣ್ರೋ. ಸಾಹೇಬರ ಹೆಸರೇ ಅಂತೆ."

ಡ್ರೈವರ್ ಫೋನನ್ನೂ ನೋಡಿದ, ನನ್ನನ್ನೂ ನೋಡಿದ. "ಪಾಪ," ಅಂದ, "ಚಾಚಾ ಸಹವಾಸದಲ್ಲಿ ಫೋನೂ ಕೆಟ್ಟುಹೋಯ್ತು."

ಮಿಸ್ಸಿನ ಕೊಡೆ

ಇದು ಹೋದ ಭಾನುವಾರದ್ದು. ಇಂದಿರಾನಗರದ ಒಬ್ಬ ದೊಡ್ಡ ಪಾರ್ಟಿ ಹಳೇ ಕಾಂಟೆಸ್ಸಾ ಒಂದನ್ನ ಎಲ್ಲಿಂದಲೋ ಹುಡುಕಿ ತಂದು ನಮ್ಮಲ್ಲಿ ಪೂರ್ತಿ ಹೊಸದು ಮಾಡಿಸಿದರು. ಕಪ್ಪು ಪೇಂಟು, ಮುಖ ನೋಡಿ ಕ್ರಾಪು ಬಾಚಿಕೋಬಹುದು. ಕೊನೆಗೆ ಹಿಂದಿನ ಮೊನೊಗ್ರಾಮ್ ಒಂದು ಸಿಗಲಿಲ್ಲ. ಊರೆಲ್ಲ ಹುಡುಕಿದ ಅಕ್ಕನ ಮಗ ಸೋತು, ನಾನು ಹಳೇ ಮೊನೊಗ್ರಾಮ್ ಕೂಡಿಟ್ಟಿರೋ ಬಿಸ್ಕೆಟ್ ಡಬ್ಬಿ ಹತ್ತಿರ ಬಂದ. ಅದರಲ್ಲಿ ಇತ್ತು. ನನ್ನ ಡಬ್ಬಿಯಲ್ಲಿ ಇಲ್ಲದ ಹೆಸರು ಇನ್ನೂ ಕಾರಿಗೆ ಇಟ್ಟಿಲ್ಲ.

"ಮಾಮ, ಕೂರಿಸು. ಬಾಯಿ ಮಾತ್ರ ತೆಗೀಬೇಡ," ಅಂದ. "ಗುಜರಿ ಗಾಡಿಯವನು ಮೂಲೇಲೇ ಇದ್ದಾನೆ, ನೋಡ್ಕೋ."

ನಾನು ದಾರ ಹಿಡಿದು, ಕಣ್ಣು ಸಣ್ಣ ಮಾಡಿ, ಉಸಿರು ಕಟ್ಟಿ ಕೂರಿಸಿದೆ. ಬಾಯಿ ತೆಗೀಲಿಲ್ಲ. ಆದರೆ ಪಾರ್ಟಿ ಅವರಾಗಿಯೇ, "ಯಜಮಾನ್ರೆ, ಈ ಹೆಸರು ಎಲ್ಲಿಂದ ಬಂತು?" ಅಂತ ಕೇಳಿಬಿಟ್ಟರು. ಕೇಳಿದವರಿಗೆ ಹೇಳದೆ ಇರೋದು ಅಗೌರವ. ಸುತ್ತ ನಾಲ್ಕು ಜನ ಸೇರಿದರು. ನಾನು ಸೀಟಿನ ಮುಂದೆ ನಿಂತು ಶುರು ಮಾಡಿದೆ.

"ಕಂಪನಿ ಸಾಹೇಬರು ಟಾರ್ಪಾಲ್ ಮುಚ್ಚಿದ ಕಾರು ತಂದು ನನ್ನ ಮುಂದೆ ನಿಲ್ಲಿಸಿದ್ರು ಸಾರ್. ಕಾರು ರೆಡಿ, ಹೆಸರಿಲ್ಲ. ಹೆಸರಿಲ್ಲದೆ ನಾನು ಮೊನೊಗ್ರಾಮ್ ಹೆಂಗೆ ಕೂರಿಸಲಿ? ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತ್ರು. ಅಷ್ಟು ಹೊತ್ತಿಗೆ ರಿಚರ್ಡ್ಸ್ ಟೌನಿನ ಪಿಯಾನೋ ಮಿಸ್ಸು ಕೊಡೆ ಹಿಡಕೊಂಡು ರಸ್ತೆಯಲ್ಲಿ ಹೋದ್ರು. ಆಹಾ, ಏನು ನಡಿಗೆ! ಇಡೀ ಕಂಟೋನ್ಮೆಂಟು ಅವರನ್ನ ಕಾಂಟೆಸ್ಸಾ ಅಂತಿತ್ತು. ಅಂದ್ರೆ ರಾಣಿಗಿಂತ ಒಂದೇ ಮೆಟ್ಟಿಲು ಕೆಳಗೆ. ನಾನು ಬೆರಳು ತೋರಿಸಿ, ಸಾಹೇಬ್ರೆ, ಆ ಹೆಸರು ಇಡಿ ಅಂದೆ. ಇಟ್ಟರು."

"ಅವರು ಈಗ?" ಅಂದರು ಪಾರ್ಟಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಜನ ಮೈಯೆಲ್ಲ ಕಿವಿಯಾಗಿದ್ದರು, ನಾಲಿಗೆ ನಿಲ್ಲಲಿಲ್ಲ.

"ತೀರಿಕೊಂಡ್ರು ಸಾರ್. ಕೊನೆಗಾಲದಲ್ಲಿ ನನ್ನ ಕೈ ಹಿಡಿದು, ನನ್ನ ಹೆಸರು ಊರೆಲ್ಲ ಓಡಾಡೋ ಹಂಗೆ ಮಾಡಿದೆ ಕಣಪ್ಪ ಅಂದ್ರು. ಈ ಕೈಯಿಂದಲೇ ಹಿಡಿ ಮಣ್ಣು ಹಾಕಿ ಬಂದೆ."

"ಯಾವ ಕಡೆಯಿಂದ ಹಾಕಿದೆ ಮ್ಯಾನ್?" ಅಂತ ಹಿಂದಿನಿಂದ ಒಂದು ದನಿ. "ತಲೆ ಕಡೆಯಿಂದಾನಾ, ಕಾಲು ಕಡೆಯಿಂದಾನಾ?"

ತಿರುಗಿದೆ. ಮೊದಲು ಕೊಡೆ ಕಾಣಿಸಿತು. ಕಪ್ಪು ಕೊಡೆ, ಮರದ ಹಿಡಿ. ಅದರ ಕೆಳಗೆ ಮಿಸ್ಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದು ಬಿಟ್ಟರೆ ಒಂದು ಗುಂಜಿ ತೂಕವೂ ಕಡಿಮೆ ಆಗಿರಲಿಲ್ಲ.

"ಹಳೇ ಚರ್ಚಿಗೆ ಬಂದಿದ್ದೆ," ಅಂದರು. "ಮೆಟ್ರೋ ಬಂತಲ್ಲ, ಹಲಸೂರಲ್ಲಿ ಇಳಿದು ನಡ್ಕೊಂಡು ಬಂದೆ. ಬಂದ್ರೆ ನಂದೇ ಫ್ಯೂನರಲ್ಲು ನಡೀತಾ ಇದೆ! ನಾನ್ ಸತ್ತಿದ್ದು ನಂಗೇ ಯಾರೂ ಹೇಳಿಲ್ಲ ನೋಡು."

ಮಿಸ್ಸು ಪಾರ್ಟಿ ಕಡೆ ತಿರುಗಿದರು.

"ಕೇಳಿ ಮಿಸ್ಟರ್. ಈ ಕಾರು ಬರೋ ತನಕ ನನ್ನನ್ನ ಎಲ್ಲರೂ ಮಿಸ್ ಅಂತಿದ್ರು, ಅಷ್ಟೇ. ಕಾರು ಬಂತು. ಉದ್ದ, ಅಗಲ, ನಿಧಾನ, ಹಿಂದೆ ಇರೋರಿಗೆ ದಾರಿನೇ ಇಲ್ಲ. ಒಂದು ದಿನ ನಾನು ಕೊಡೆ ಹಿಡ್ಕೊಂಡು ಹೋಗ್ತಾ ಇದೀನಿ. ಒಬ್ಬ ಪೋಕ್ರಿ ಯಾವುದೋ ಶೆಡ್ಡಿಂದ ಕೂಗಿದ, 'ಕಾಂಟೆಸ್ಸಾ ಬರ್ತಾ ಇದೆ, ಸೈಡ್ ಬಿಡ್ರೋ!' ಅಂತ. ಅವತ್ತಿಂದ ಹಾಲಿನವನು ಕಾಂಟೆಸ್ಸಾ, ಮಟನ್ ಅಂಗಡಿಯವನು ಕಾಂಟೆಸ್ಸಾ. ಪಿಯಾನೋ ಕಲಿಯೋ ಮಕ್ಕಳು ಕಾಂಟೆಸ್ಸಾ. ಹೆಸರು ನನ್ನಿಂದ ಕಾರಿಗೆ ಹೋಗಿಲ್ಲ, ಕಾರಿಂದ ನಂಗೆ ಬಂತು! ಆ ದನಿ ಯಾರದ್ದು ಅಂತ ಇಷ್ಟು ವರ್ಷ ಹುಡುಕ್ತಾ ಇದ್ದೆ." ನನ್ನ ಕಡೆ ಕೊಡೆ ಚಾಚಿದರು. "ಇವತ್ತು ಕೇಳಿಸ್ತು."

ಎಲ್ಲರೂ ನನ್ನನ್ನೇ ನೋಡಿದರು. ಅಕ್ಕನ ಮಗನ ಮುಖದಲ್ಲಿ ಆಯುಧಪೂಜೆ.

"ಮಾಮ," ಅಂದ, "ಬಾಗಿಲಲ್ಲೇ ಹಿಡಿದ್ರು." ಮೂಲೆ ಕಡೆ ನೋಡಿ ಸಿಳ್ಳೆ ಹಾಕಿದ. ಗುಜರಿಯವನು ಗಾಡಿ ತಳ್ಳಿಕೊಂಡು ಬಂದೇಬಿಟ್ಟ. ಇಬ್ಬರೂ ಸೀಟಿನ ಆ ಕಡೆ ಈ ಕಡೆ ಬಗ್ಗಿ ಕೈ ಹಾಕಿದರು.

"ತಡಿ ತಡಿ, ಮೊಣಕಾಲು ನೋಯ್ತಿದೆ," ಅಂತ ಮಿಸ್ಸು ಕೊಡೆ ಮಡಿಸಿ ಸೀಟಿನ ಮೇಲೆ ಕೂತರು. ಸ್ಪ್ರಿಂಗು ಒಂದು ಸಲ ಅಮ್ಮಾ ಅಂದು ಸುಮ್ಮನಾಯಿತು. ಗುಜರಿಯವನು ಎತ್ತಲು ನೋಡಿದ, ಅಕ್ಕನ ಮಗ ಎತ್ತಲು ನೋಡಿದ. ಸೀಟು ಅಲ್ಲಾಡಲಿಲ್ಲ. ಗುಜರಿಯವನು ಸೊಂಟ ಹಿಡಕೊಂಡು, "ಇದು ಪಾಯ ಹಾಕಿ ಕಟ್ಟಿರೋದು ಸಾರ್, ನನ್ನ ಕೈಲಾಗಲ್ಲ," ಅಂತ ಗಾಡಿ ತಿರುಗಿಸಿದ.

"ಇವನು ಉತ್ತರ ಹೇಳೋ ತನಕ ನಾನ್ ಏಳಲ್ಲ," ಅಂದರು ಮಿಸ್ಸು. "ಪ್ರತಿ ಭಾನುವಾರ ಮೆಟ್ರೋದಲ್ಲಿ ಬಂದು ಇಲ್ಲೇ ಕೂರ್ತೀನಿ. ಈಗ ಹೇಳು ಮ್ಯಾನ್, ತಂಗಿ ಮನೆಗೆ ಅಂತ ವೈಟ್‌ಫೀಲ್ಡಿಗೆ ಹೋಗಿದ್ದವಳನ್ನ ಸತ್ತೋದ್ಲು ಅಂತ ನಿಂಗೆ ಹೇಳಿದ್ದು ಯಾರು?"

ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಯಾರೂ ಹೇಳಲಿಲ್ಲ ಮಿಸ್. ವೈಟ್‌ಫೀಲ್ಡಿಗೆ ಹೋದ್ರು ಅಂದ್ರು. ಆ ಟ್ರಾಫಿಕ್ಕಲ್ಲಿ ಯಾರು ವಾಪಸ್ ಬರ್ತಾರೆ ಅಂತ ನಾನೇ ಅವತ್ತೇ ಸ್ನಾನ ಮಾಡಿಬಿಟ್ಟೆ."